ಘಟ್ಟ ಹತ್ತಿದ ಗೆಳೆಯನಿಗೆ

ಪ್ರಿಯ ಗೆಳೆಯ,

ಸಾಫ್ಟ್‌ವೇರ್ ಬರೆಯುವವರು ಮಂಗಳೂರಿನಲ್ಲಿ ಸೇರುವ ನಮ್ಮ ಮೀಟಪ್ ಇನ್ನೂ ನಡೆಯುತ್ತಿದೆಯೇ ಎಂದು ಕೇಳಿದ್ದೀಯಲ್ಲ, ನಡೆಯುತ್ತಿದೆ. ಕದ್ರಿಯ ಅದೇ ಹೋಟೆಲಿನ ಮಹಡಿಯಲ್ಲಿ ಮೇಜುಗಳನ್ನು ಜೋಡಿಸಿಕೊಂಡು, ಬನ್ಸ್ ಮತ್ತು ಚಹಾ ತರಿಸಿಕೊಂಡು, ಸುರತ್ಕಲ್ಲಿನ ಎಂಜಿನಿಯರಿಂಗ್ ಕಾಲೇಜು ಎನ್‌ಐಟಿಕೆಯ ಹುಡುಗರು, ಮಣಿಪಾಲದಿಂದ ಬಸ್ಸು ಹಿಡಿದು ಬರುವವರು, ಮನೆಯಲ್ಲಿ ಕುಳಿತು ದೂರದ ಕಂಪನಿಗಳಿಗೆ ದುಡಿಯುವ ನಮ್ಮಂಥವರು ಸೇರುತ್ತೇವೆ. ಹೋಗಬೇಕೋ ಬೇಡವೋ ಎಂದು ಹಿಂಜರಿಯುವವರೂ ಓದಲಿ ಎಂದೇ ಈ ಪತ್ರವನ್ನು ಎಲ್ಲರಿಗೂ ಕಾಣುವಂತೆ ಬರೆಯುತ್ತಿದ್ದೇನೆ.

ಕಳೆದ ಸಲ ಪುತ್ತೂರು ಕಡೆಯ ಹುಡುಗನೊಬ್ಬ ಅಡಿಕೆ ಅಂಗಡಿಗಾಗಿ ತಾನು ಬರೆದ ಬಿಲ್ಲಿಂಗ್ ಸಾಫ್ಟ್‌ವೇರ್ ತೋರಿಸಿದ. ಪರದೆಯ ಮೇಲೆ ಚೆನ್ನಾಗಿಯೇ ಕಾಣುತ್ತಿದ್ದ ಕನ್ನಡವು ಥರ್ಮಲ್ ಪ್ರಿಂಟರಿನಿಂದ ಹೊರಬರುವಾಗ ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿರುತ್ತಿತ್ತು, ಏಕೆಂದರೆ ಆ ಅಗ್ಗದ ಪ್ರಿಂಟರಿನೊಳಗೆ ಕನ್ನಡದ ಅಕ್ಷರಗಳೇ ಇರಲಿಲ್ಲ. ಮೆಡಿಕಲ್ ಶಾಪುಗಳಿಗೆ ಇಂಥದೇ ಕೆಲಸ ಮಾಡಿಕೊಟ್ಟಿದ್ದ ಹಿರಿಯರೊಬ್ಬರು ಮೂಲೆಯಿಂದ ಎದ್ದು ಬಂದು, ಅಕ್ಷರಗಳನ್ನು ಕಳುಹಿಸುವ ಬದಲು ಇಡೀ ಸಾಲನ್ನು ಚಿತ್ರವಾಗಿಸಿ ಕಳುಹಿಸು ಎಂದರು. ಚಹಾ ಆರುವಷ್ಟರಲ್ಲಿ ಒತ್ತಕ್ಷರಗಳ ಸಮೇತ ಬಿಲ್ಲು ಹೊರಬಂತು, ಆ ಚೀಟಿ ಕೈಯಿಂದ ಕೈಗೆ ಹೋಯಿತು. ಆಹ್ವಾನಿತರಿಗಷ್ಟೇ ಪ್ರವೇಶವಿದ್ದ ಫೂ ಕ್ಯಾಂಪ್ ಎಂಬ ತಂತ್ರಜ್ಞರ ಕೂಟಕ್ಕೆ ಪರ್ಯಾಯವಾಗಿ 2005ರ ಆಗಸ್ಟಿನಲ್ಲಿ ಅಮೆರಿಕದ ಪಾಲೊ ಆಲ್ಟೊದಲ್ಲಿ ಎಲ್ಲರಿಗೂ ತೆರೆದ ಬಾರ್‌ಕ್ಯಾಂಪ್ ಎಂಬ ಕೂಟ ಆರಂಭವಾದಾಗ, ಬಂದವರೆಲ್ಲ ಭಾಗವಹಿಸಬೇಕು, ಯಾರೂ ಬರಿಯ ಪ್ರೇಕ್ಷಕರಲ್ಲ ಎಂಬ ಪದ್ಧತಿ ಬಂತಲ್ಲ, ಅದು ಎಷ್ಟು ದೊಡ್ಡ ಮಾತೆಂದು ನನಗೆ ಆವತ್ತು ಅರ್ಥವಾಯಿತು. ಕೆಟ್ಟು ನಿಂತದ್ದನ್ನು ನಾಚಿಕೆಯಿಲ್ಲದೆ ತೋರಿಸಲು ಹೂಡಿಕೆದಾರರ ಮುಂದೆ ಯಾರಿಗೆ ಸಾಧ್ಯ?

ಮೆಟ್ಟಿಲಿಳಿಯುವಾಗ ಆ ಹುಡುಗ, "ಅಣ್ಣ, ಬೆಂಗಳೂರಿನಿಂದ ಆಫರ್ ಬಂದಿದೆ, ಹೋಗಲಾ?" ಎಂದು ಕೇಳಿದ. 1996ರಲ್ಲಿ ರೋಬೋಸಾಫ್ಟ್ ಎಂಬ ಸಾಫ್ಟ್‌ವೇರ್ ಕಂಪನಿ ಉಡುಪಿಯಲ್ಲಿಯೇ ಹುಟ್ಟಿ ಬೆಳೆದದ್ದನ್ನು ಅವನಿಗೆ ಹೇಳತೊಡಗಿದೆ. ಹೇಳುತ್ತಿದ್ದಂತೆಯೇ ಒಳಗೊಂದು ಅಳುಕು ಶುರುವಾಯಿತು: ಅವನು ಉಳಿಯಲಿ ಎಂದು ಬಯಸುತ್ತಿರುವುದು ಅವನ ಒಳಿತಿಗೋ, ನನ್ನ ಒಳಿತಿಗೋ? ಚೆನ್ನಾಗಿ ಡೆಮೊ ಕೊಟ್ಟವರೆಲ್ಲ ಒಬ್ಬೊಬ್ಬರಾಗಿ ಘಟ್ಟ ಹತ್ತಿದರು, ನೀನೂ ಹತ್ತಿದೆ. ನನ್ನ ಕೋಡ್ ಓದಿ "ಇದು ಸರಿಯಿಲ್ಲ ಮಾರಾಯ" ಎಂದು ಮುಖಕ್ಕೇ ಹೇಳುವವರು ಈಗ ಊರಿನಲ್ಲಿ ಯಾರೂ ಇಲ್ಲ. ಬಂಡವಾಳ ಸಿಗಲಿ, ಗ್ರಾಹಕರು ಸಿಗಲಿ ಎಂದು ನಾನು ಇದಕ್ಕೆಲ್ಲ ಓಡಾಡುತ್ತಿದ್ದೇನೆಂದು ಮನೆಯವರು ತಿಳಿದಿದ್ದಾರೆ. ಒಂಟಿಯಾಗಿ ಕೆಲಸ ಮಾಡಿ ಮಾಡಿ ದಣಿದಿದ್ದೇನೆ, ಮಾತಿಗೆ ಜನ ಬೇಕು, ಅದಕ್ಕಾಗಿ ಓಡಾಡುತ್ತಿದ್ದೇನೆ. ಇದನ್ನು ನಿನಗೂ ಹೇಳಿರಲಿಲ್ಲ, ಊರಿಗೆಲ್ಲ ಹೇಳುವ ಯೋಚನೆಯಂತೂ ಇರಲಿಲ್ಲ.

ಇರಲಿ ಬಿಡು. ಹುಡುಗ ಹೊರಟರೆ ನಿನ್ನ ನಂಬರ್ ಕೊಡುತ್ತೇನೆ, ಅವನಿಗೆ ಒಳ್ಳೆಯ ಊಟ ಹಾಕಿಸು. ಮುಂದಿನ ಸಲ ಊರಿಗೆ ಬಂದಾಗ ಶನಿವಾರ ಸಂಜೆಯನ್ನು ಮೀಟಪ್ಪಿಗೆಂದು ಬಿಡುವು ಮಾಡಿಕೋ. ನಮ್ಮ ಹಳೆಯ ತಮಾಷೆಯ ಹಸಿರು ಬಟನ್ ಇನ್ನೂ ಹಾಗೆಯೇ ಇದೆ, ಯಾರಿಗೂ ಒತ್ತಲು ಬಿಟ್ಟಿಲ್ಲ. ಗಡ್‌ಬಡ್ ಐಸ್‌ಕ್ರೀಮಿನ ಲೆಕ್ಕವೂ ಚುಕ್ತಾ ಆಗಿಲ್ಲ, ಮೂರನೆಯ ಚಮಚ ಯಾರದೆಂದು ನೀನೇ ಬಂದು ಎಲ್ಲರೆದುರು ಹೇಳಬೇಕು.

ನಿನ್ನ,
ಕುಡ್ಲದ ಗೆಳೆಯ