ಗೋಳಗುಮ್ಮಟದಲ್ಲಿ ಗಂಟೆಗೆ ಹತ್ತು ನಿಮಿಷ ಸದ್ದು ನಿಲ್ಲಲಿ

ಮಾನ್ಯ ಸಂಪಾದಕರೇ,

ವಿಜಯಪುರದ ಗೋಳಗುಮ್ಮಟಕ್ಕೆ ಹೋದವರಿಗೆ ಅಲ್ಲಿನ ಪಿಸುಮಾತಿನ ಗ್ಯಾಲರಿಯಲ್ಲಿ ಪಿಸುಮಾತು ಕೇಳಿಸಿಕೊಳ್ಳುವುದೇ ಕಷ್ಟವಾಗಿದೆ. ಇದಕ್ಕೆ ಖರ್ಚಿಲ್ಲದ ಪರಿಹಾರವೊಂದಿದೆ ಅನ್ನಿಸಿ ಈ ಪತ್ರ ಬರೆಯುತ್ತಿದ್ದೇನೆ.

ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತನಾದವನು. ಜನವರಿಯ ಒಂದು ಶನಿವಾರ, ಭಾನುವಾರ ನಾವು ಹಳೆಯ ಗೆಳೆಯರು ನಾಲ್ವರು ವಿಜಯಪುರ ನೋಡಲು ಹೋಗಿದ್ದೆವು. ನಮ್ಮಲ್ಲೊಬ್ಬನಿಗೆ ಸಕ್ಕರೆ ಕಾಯಿಲೆಯಿಂದ ದೃಷ್ಟಿ ಹೋಗಿದೆ. ಈ ಊರಿಗೇ ಹೋಗೋಣ ಎಂದು ಹಟ ಹಿಡಿದವನೂ ಅವನೇ. "ಬೇರೆ ಕಡೆ ನೀವು ನೋಡಿ ನನಗೆ ಹೇಳಬೇಕು. ಗೋಳಗುಮ್ಮಟ ಆದರೆ ನಾನೇ ನೋಡ್ತೀನಿ" ಅಂದಿದ್ದ.

ಆ ಸೀಮೆ ಸುತ್ತಲು ಚಳಿಗಾಲವೇ ಸರಿ. ದಾರಿಯುದ್ದಕ್ಕೂ ಹಿಂಗಾರಿ ಜೋಳ ನಿಂತಿರುತ್ತದೆ, ಬಿಸಿಲೂ ಹಿತವಾಗಿರುತ್ತದೆ. ಶನಿವಾರ ಇಬ್ರಾಹಿಂ ರೋಜಾ, ತಾಜ್ ಬಾವಡಿ, ಬಾರಾ ಕಮಾನ್ ನೋಡಿದೆವು. ಇಬ್ರಾಹಿಂ ರೋಜಾದ ಕಲ್ಲಿನ ಕಿಟಕಿಗಳಲ್ಲಿ ಅಕ್ಷರಗಳನ್ನೇ ಜಾಲರಿಯಂತೆ ಕೊರೆದಿದ್ದಾರೆ. ಅದರ ಮುಂದೆ ಎಷ್ಟು ಹೊತ್ತು ನಿಂತರೂ ಸಾಲದು. ಆದರೆ ನಾನು ಹೇಳಬೇಕಾಗಿರುವುದು ಭಾನುವಾರದ ಸಂಗತಿ.

ಗುಮ್ಮಟದ ನಾಲ್ಕು ಮೂಲೆಗಳಲ್ಲೂ ಏಳು ಅಂತಸ್ತಿನ ಗೋಪುರಗಳಿವೆ. ಗೋಪುರದೊಳಗಿನ ಮೆಟ್ಟಿಲು ಹತ್ತಿಯೇ ಮೇಲೆ ಹೋಗಬೇಕು. ಮೆಟ್ಟಿಲು ಕಿರಿದು, ಕಡಿದು. ಬೆಳಗ್ಗೆ ಬೇಗನೇ ಹೋಗಿದ್ದರಿಂದ ಜನ ಇರಲಿಲ್ಲ. ಗೆಳೆಯ ಒಂದು ಕೈ ನನ್ನ ಹೆಗಲ ಮೇಲೆ, ಇನ್ನೊಂದು ಗೋಡೆಯ ಮೇಲೆ ಇಟ್ಟು ನಿಧಾನವಾಗಿ ಹತ್ತಿದ. ಪ್ರತಿ ಅಂತಸ್ತಿನ ಕಿಟಕಿಯ ಹತ್ತಿರ ಬಂದಾಗ ತಣ್ಣನೆಯ ಗಾಳಿ ಮುಖಕ್ಕೆ ಬಡಿಯುತ್ತಿತ್ತು. "ಇನ್ನೊಂದು ಮಹಡಿ ಆಯ್ತು ಅಲ್ವಾ?" ಎಂದು ಅವನೇ ಲೆಕ್ಕ ಹೇಳುತ್ತಿದ್ದ.

ಗ್ಯಾಲರಿಯಲ್ಲಿ ಅವನನ್ನು ಗೋಡೆಗೆ ಕಿವಿ ಹಚ್ಚಿ ಕೂರಿಸಿದೆವು. ಇನ್ನೊಬ್ಬ ಗೆಳೆಯ ಸುತ್ತು ಹಾಕಿ ಎದುರು ಬದಿಗೆ ಹೋದ. ಅಲ್ಲಿ ಗೋಡೆಗೆ ಮುಖ ಮಾಡಿ, ಜೇಬಿನಲ್ಲಿದ್ದ ಬಸ್ ಟಿಕೆಟನ್ನು ನಿಧಾನವಾಗಿ ಹರಿದ. ಕಣ್ಣು ಕಾಣದ ನಮ್ಮ ಗೆಳೆಯ ಕೂಡಲೇ ಕೈ ಎತ್ತಿ, "ಏನೋ ಕಾಗದ ಹರಿದ ನೋಡು" ಅಂದ. ಮಧ್ಯೆ ಸುಮಾರು 38 ಮೀಟರ್ ಖಾಲಿ ಜಾಗ, ಕೆಳಗೆ ಬಹಳ ಆಳದಲ್ಲಿ ಹಜಾರ. ಆಮೇಲೆ ಅವನು ಒಂದೇ ಒಂದು ಚಪ್ಪಾಳೆ ತಟ್ಟಿಸಿದ. ಅದು ಮರಳಿ ಮರಳಿ ಬರುವುದನ್ನು ಕೇಳುತ್ತಾ, ತಲೆಯನ್ನು ಮೆಲ್ಲಗೆ ಆ ಕಡೆ ಈ ಕಡೆ ತಿರುಗಿಸಿದ. "ದುಂಡಗಿದೆ. ಬಹಳ ದೊಡ್ಡದಿದೆ. ಮಧ್ಯೆ ಒಂದು ಕಂಬವೂ ಇಲ್ಲ" ಅಂದ. ಅಷ್ಟೂ ನಿಜವೇ.

ಇಷ್ಟಾದ ಸ್ವಲ್ಪ ಹೊತ್ತಿಗೆ ಶಾಲಾ ಪ್ರವಾಸದ ಬಸ್ಸುಗಳು ಬಂದವು. ಮಕ್ಕಳು, ಅವರ ಹಿಂದೆ ಯುವಕರ ಗುಂಪುಗಳು, ಕುಟುಂಬಗಳು. ಮೇಲೆ ಬಂದವರೆಲ್ಲ ಒಮ್ಮೆಲೇ ಕಿರುಚಲು ಶುರು ಮಾಡಿದರು. ಸೀಟಿ, ಹೆಸರು ಕೂಗುವುದು, ಕೇಕೆ. ಗೆಳೆಯ ಎರಡೂ ಕಿವಿ ಮುಚ್ಚಿಕೊಂಡ. "ಈಗ ನನಗೆ ಏನೂ ಕಾಣಿಸ್ತಿಲ್ಲ, ಕೆಳಗೆ ಹೋಗೋಣ" ಅಂದ. ನನಗೆ ಬಹಳ ಸಂಕಟವಾಯಿತು.

ಮಕ್ಕಳನ್ನು ನಾನು ಬೈಯುವುದಿಲ್ಲ. ಅಲ್ಲಿ ಕೂಗಬೇಕು ಅಂತಲೇ ಅವರಿಗೆ ಗೊತ್ತು, ಬೇರೆ ಯಾರೂ ಏನೂ ಹೇಳಿಕೊಟ್ಟಿರುವುದಿಲ್ಲ. ಆದರೆ ಕೂಗಿದಷ್ಟೂ ಅವರಿಗೇ ನಷ್ಟ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಗ್ಯಾಲರಿಯ ಒಂದು ಬದಿಯಲ್ಲಿ ತಟ್ಟಿದ ಚಪ್ಪಾಳೆ ಎದುರಿನ ಗೋಡೆಗೆ ಹೋಗಿ ಬರಲು ಸೆಕೆಂಡಿನ ಕಾಲು ಭಾಗವೂ ಬೇಡ. ಆದರೂ ಎರಡು ಸದ್ದುಗಳನ್ನು ಬೇರೆ ಬೇರೆ ಎಂದು ಗುರುತಿಸಲು ಕಿವಿಗೆ ಅಷ್ಟು ಅಂತರ ಸಾಕು. ಅದಕ್ಕೇ ಒಂದು ಚಪ್ಪಾಳೆ ಹಲವು ಸಲ ಬಿಡಿಬಿಡಿಯಾಗಿ ಕೇಳುತ್ತದೆ. ಐವತ್ತು ಜನ ಒಟ್ಟಿಗೆ ಕೂಗಿದರೆ ಆ ಅಂತರವೆಲ್ಲ ತುಂಬಿಹೋಗುತ್ತದೆ. ಉಳಿಯುವುದು ಬರೀ ಗದ್ದಲ. ಪಿಸುಮಾತಿನ ಕತೆಯೇ ಬೇರೆ. ಅದು ದುಂಡನೆಯ ಗೋಡೆಗುಂಟ ಸಾಗುತ್ತದೆ, ನಡುವಿನ ಖಾಲಿ ಜಾಗದಲ್ಲಿ ಚದುರಿಹೋಗುವುದಿಲ್ಲ. ಸುತ್ತ ಸದ್ದಿಲ್ಲದಿದ್ದರೆ ಮಾತ್ರ ಅದು ಕಿವಿಗೆ ಸಿಗುತ್ತದೆ. ಇಂಥ ಭೌತವಿಜ್ಞಾನದ ಪ್ರಯೋಗಶಾಲೆ ಯಾವ ಶಾಲೆಯಲ್ಲಿದೆ?

ಇನ್ನೊಂದು ಮಾತು. ಅದು ಗೋರಿ. 1627ರಿಂದ 1656ರವರೆಗೆ ಆಳಿದ ಮೊಹಮ್ಮದ್ ಆದಿಲ್ ಶಾಹ್ ಮತ್ತು ಅವನ ಮನೆಯವರು ಅಲ್ಲಿ ಮಲಗಿದ್ದಾರೆ. ಅವನ ತಂದೆ ಎರಡನೇ ಇಬ್ರಾಹಿಂ ಸಂಗೀತದಲ್ಲಿ ಮುಳುಗಿದ್ದ ದೊರೆ. ಸರಸ್ವತಿಯನ್ನು ಸ್ತುತಿಸಿ ಹಾಡು ಬರೆದವನು. ಅಂಥ ಮನೆತನದ ಸಮಾಧಿಯ ಮೇಲೆ ನಿಂತು ಸೀಟಿ ಹೊಡೆಯುವುದು ನನಗಂತೂ ಸರಿ ಕಾಣುವುದಿಲ್ಲ.

ಸ್ಮಾರಕ ನೋಡಿಕೊಳ್ಳುವ ಅಧಿಕಾರಿಗಳಲ್ಲಿ ನನ್ನ ಕೋರಿಕೆ ಇಷ್ಟು. ಪ್ರತಿ ಗಂಟೆಗೆ ಹತ್ತು ನಿಮಿಷ ಗ್ಯಾಲರಿಯಲ್ಲಿ ಪೂರ್ತಿ ಮೌನ ಇರಲಿ. ಆ ಹೊತ್ತಿನಲ್ಲಿ ಒಬ್ಬರು ಮೊದಲು ಪಿಸುಮಾತು, ಆಮೇಲೆ ಒಂದೇ ಒಂದು ಚಪ್ಪಾಳೆ ಕೇಳಿಸಲಿ. ಈ ಕೆಲಸವನ್ನು ಅಲ್ಲಿನ ಗೈಡ್‌ಗಳಿಗೇ ಸರದಿಯ ಮೇಲೆ ವಹಿಸಬಹುದು, ಅವರಿಗೆ ಅಲ್ಲಿನ ಒಂದೊಂದು ಮೂಲೆಯೂ ಗೊತ್ತು. ಡಿಸೆಂಬರ್, ಜನವರಿಯ ಶನಿವಾರ, ಭಾನುವಾರಗಳಲ್ಲಿ ಜನ ಜಾಸ್ತಿ ಇರುವುದರಿಂದ ಮೇಲಕ್ಕೆ ತಂಡ ತಂಡವಾಗಿ ಬಿಡಲಿ. ಕಿರಿದಾದ ಆ ಮೆಟ್ಟಿಲಲ್ಲಿ ಹತ್ತುವವರೂ ಇಳಿಯುವವರೂ ಎದುರಾದಾಗ ಆಗುವ ನೂಕುನುಗ್ಗಲೂ ಇದರಿಂದ ತಪ್ಪುತ್ತದೆ. ಕಣ್ಣು ಕಾಣದವರು ಬಂದರೆ ಬೆಳಗಿನ ಮೊದಲ ತಂಡದಲ್ಲಿ ಅವರಿಗೆ ಜಾಗ ಕೊಡಲಿ. ಅವರು ಪೂರ್ತಿಯಾಗಿ ಅನುಭವಿಸಬಹುದಾದ ಸ್ಮಾರಕಗಳು ಎಷ್ಟಿವೆ ಹೇಳಿ?

ಶಿಕ್ಷಕರಿಗೂ ಒಂದು ವಿನಂತಿ. ಪ್ರವಾಸಕ್ಕೆ ಹೊರಡುವ ಹಿಂದಿನ ದಿನ ತರಗತಿಯಲ್ಲಿ ಪ್ರತಿಧ್ವನಿಯ ಪಾಠವನ್ನು ಒಮ್ಮೆ ತಿರುವಿಹಾಕಿ. ಗ್ಯಾಲರಿಗೆ ಹೋದ ಮೇಲೆ ಮಕ್ಕಳನ್ನು ಎರಡು ಗುಂಪು ಮಾಡಿ ಎದುರುಬದುರು ಕೂರಿಸಿ. ಒಂದು ಗುಂಪಿನವರು ಗೋಡೆಗೆ ಒಂದು ಒಗಟು ಹೇಳಲಿ, ಇನ್ನೊಂದು ಗುಂಪಿನವರು ಅದಕ್ಕೆ ಗೋಡೆಗೇ ಉತ್ತರ ಹೇಳಲಿ. ಮಕ್ಕಳು ತಾವಾಗಿಯೇ ಸುಮ್ಮನಾಗುತ್ತಾರೆ. ಯಾವುದಾದರೂ ಶಾಲೆಯವರು ಬಯಸಿದರೆ, ನಾನು ಬಂದು ಮಕ್ಕಳಿಗೆ ಇದನ್ನು ಮಾಡಿ ತೋರಿಸಲು ಸಿದ್ಧನಿದ್ದೇನೆ. ಆ ನನ್ನ ಗೆಳೆಯನೂ ಬರುತ್ತಾನೆ, ಆಗಲೇ ಕೇಳಿದ್ದೇನೆ.

ಇಂತಿ,
ಒಬ್ಬ ನಿವೃತ್ತ ವಿಜ್ಞಾನ ಶಿಕ್ಷಕ