ಅವನು ಅಂದುಬಿಟ್ಟರೆ?

ಚಿ. ಸೌ. ವಿದ್ಯಾಳಿಗೆ ಸೋದರಮಾವನ ಆಶೀರ್ವಾದಗಳು.

ನಿನ್ನ ಕಾಗದ ಬುಧವಾರ ಬಂತು. ಫೋನಿನಲ್ಲಿ ಹೇಳೋಕಾಗಲ್ಲ ಅಂತ ಬರೆದಿದ್ದೀಯ. ಅದಕ್ಕೇ ನಾನೂ ಕಾಗದ ಪೆನ್ನು ಹಿಡಿದು ಕೂತೆ. ನಿನಗೂ ನಿನ್ನ ಗಂಡನಿಗೂ ಜಗಳ ಹೇಗೆ ಶುರುವಾಯಿತು, ನಿಮ್ಮಮ್ಮ ಏನಂದಳು, ಅದೆಲ್ಲ ನನಗೆ ಗೊತ್ತಿರುವುದೇ, ಬಿಡು. ಎರಡನೇ ಪುಟದ ಕೊನೆಯಲ್ಲಿ ಒಂದು ಸಾಲಿದೆ ನೋಡು. "ಕೌನ್ಸೆಲರ್ ಹತ್ತಿರ ಹೋಗೋಣ ಅಂತ ಪ್ರಶಾಂತನೇ ಹೇಳಿದ. ನನಗೆ ಭಯ ಮಾವ. ಅಲ್ಲಿ ಕೂತು ಅವನು, ಇವಳು ನನಗೆ ಬೇಡ ಅಂದುಬಿಟ್ಟರೆ?"

ಅದನ್ನು ಓದಿ ಎರಡು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಕೌನ್ಸೆಲಿಂಗ್ ಅಂದ ತಕ್ಷಣ ನನ್ನ ಕಣ್ಣಿಗೆ ಬರುವುದು ಕೋರ್ಟಿನ ವರಾಂಡ. ಅಷ್ಟು ವರ್ಷ ಅಲ್ಲೇ ಟೈಪ್ ಮಾಡಿದವನಲ್ವಾ. ಕೋರ್ಟು ಮೊದಲು ಗಂಡ ಹೆಂಡತಿಯನ್ನು ರಾಜಿ ಮಾಡಿಸಲು ನೋಡಬೇಕು ಅಂತ 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯಲ್ಲೇ ಇದೆ. ಆದರೆ ಅಲ್ಲಿಗೆ ಬರುವವರು ವಕೀಲರನ್ನಿಟ್ಟು, ನೋಟಿಸು ಕೊಟ್ಟು ಬಂದವರು. ವರಾಂಡದ ಆ ತುದಿಗೆ ಒಬ್ಬರು, ಈ ತುದಿಗೆ ಒಬ್ಬರು. ನೀವು ಒಂದೇ ಸ್ಕೂಟರಿನಲ್ಲಿ ಹೋಗುವವರು. ಅದೇ ಬೇರೆ, ಇದೇ ಬೇರೆ.

ಆದರೂ ನಿನ್ನ ಪ್ರಶ್ನೆ ಹಾಗೇ ಉಳಿಯಿತು. ಅಂದುಬಿಟ್ಟರೆ?

2011ರಲ್ಲಿ ನಿನ್ನತ್ತೆಯನ್ನು ಬೆಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದದ್ದು ನಿನಗೆ ನೆನಪಿರಬೇಕು. ನಿದ್ದೆಯಿಲ್ಲ, ಊಟ ಸೇರಲ್ಲ ಅಂತ. ಇನ್ನೊಂದು ವಿಷಯ ಮನೆಯಲ್ಲಿ ಯಾರಿಗೂ ಹೇಳಿಲ್ಲ. ಅಲ್ಲಿ ನನ್ನನ್ನೂ ಒಳಗೆ ಕೂರಿಸಿದರು. ಇಬ್ಬರಿಗೂ ಸೇರಿಸಿ ಥೆರಪಿ ಅಂದರು. ನಾನು ಅಂಗಿಯ ಗುಂಡಿಯೆಲ್ಲ ಹಾಕಿಕೊಂಡು ಹೋದೆ, ತಪ್ಪು ಯಾರದು ಅಂತ ತೀರ್ಪು ಕೊಡುತ್ತಾರೆ ಅಂದುಕೊಂಡು. ಅಲ್ಲಿದ್ದದ್ದು ನಿನ್ನ ವಯಸ್ಸಿನ ಒಬ್ಬಳು ಹುಡುಗಿ. ಅವಳು ತೀರ್ಪು ಕೊಡಲೇ ಇಲ್ಲ.

ನಿನ್ನತ್ತೆ ಅಂದಳು, "ನಾನು ಬಡಿಸುವಾಗ ಇವರು ಪೇಪರ್ ಓದುತ್ತಾರೆ." ಆ ಹುಡುಗಿ ನನ್ನ ಕಡೆ ತಿರುಗಿ, "ಅವರು ಹೇಳಿದ್ದು ನಿಮಗೆ ಏನು ಅಂತ ಕೇಳಿಸಿತು, ಹೇಳಿ ಸಾರ್" ಅಂದಳು. ಪೇಪರ್ ಓದಬಾರದಂತೆ, ಅಂದೆ. "ಅದಲ್ಲ" ಅಂದಳು ನಿನ್ನತ್ತೆ. ಊಟಕ್ಕೆ ಬೇಗ ಬರಬೇಕಂತೆ, ಅಂದೆ. "ಅದೂ ಅಲ್ಲ." ಸಾಕ್ಷಿಗಳ ಹೇಳಿಕೆಯನ್ನು ಒಂದಕ್ಷರ ಬಿಡದೆ ಟೈಪ್ ಮಾಡುತ್ತಿದ್ದವನಿಗೆ ಹೆಂಡತಿಯ ಒಂದು ಮಾತು ತಿರುಗಿ ಹೇಳಲು ಬರಲಿಲ್ಲ. ಕೊನೆಗೆ ಅವಳೇ ಹೇಳಿದಳು. "ಬಡಿಸಿದ್ದು ನಾನೋ ಬೇರೆ ಯಾರೋ ಅಂತ ಇವರಿಗೆ ಗೊತ್ತೇ ಆಗಲ್ಲ."

ಮೂರನೇ ಸಲ ಹೋದಾಗ, ನೀನು ಯಾವುದಕ್ಕೆ ಹೆದರಿದ್ದೀಯೋ ಅದೇ ಆಯಿತು. "ಎರಡು ಸಲ ಬ್ಯಾಗು ತುಂಬಿಟ್ಟಿದ್ದೆ, ಬಿಟ್ಟು ಹೋಗೋಣ ಅಂತ" ಅಂದಳು. ನನ್ನ ಕಿವಿ ಬಿಸಿಯಾಯಿತು. ಎದ್ದು ಹೋಗೋಣ ಅನ್ನಿಸಿತು. ಆ ಹುಡುಗಿ ಮಾತ್ರ ಗಾಬರಿಯಾಗಲಿಲ್ಲ. "ಮತ್ತೆ ಬ್ಯಾಗು ಬಿಚ್ಚಿದ್ದು ಯಾಕಮ್ಮ?" ಅಂತ ಕೇಳಿದಳು. ನಿನ್ನತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಮೊದಲನೇ ಸಲ, ಇವರ ಬಿಳಿ ಶರ್ಟಿಗೆ ಗಂಜಿ ಹಾಕೋದು ಬಾಕಿ ಇತ್ತು. ಮಾರನೇ ದಿನ ಕೋರ್ಟು" ಅಂದಳು. ಅಷ್ಟರಲ್ಲಿ ಟೈಮ್ ಆಯಿತು.

ವಾಪಸ್ ಬರುವಾಗ ತಿಪಟೂರಿನವರೆಗೂ ಬಸ್ಸಿನಲ್ಲಿ ಇಬ್ಬರದೂ ಮಾತಿಲ್ಲ. ಅಲ್ಲಿ ಅವಳು, "ಕಿಟಕಿ ಹಾಕ್ರೀ, ಗಾಳಿ" ಅಂದಳು. ಹಾಕಿದೆ. ಊರಿಗೆ ಬಂದ ಮೇಲೆ ಪೇಪರನ್ನು ಊಟ ಆದಮೇಲೆ ಓದಲು ಶುರು ಮಾಡಿದೆ. ಅಷ್ಟೇ. ದೊಡ್ಡ ಪವಾಡವೇನೂ ಆಗಲಿಲ್ಲ. ಅವಳು ರಾತ್ರಿ ನಿದ್ದೆ ಮಾಡತೊಡಗಿದಳು.

ನಾಲ್ಕು ಸಲ ಹೋಗಿ ಬಿಟ್ಟುಬಿಟ್ಟೆ. ಅಡಿಕೆ ಕೊಯ್ಲು ಅಂತ ನೆಪ ಹೇಳಿದೆ. ಮುಂದಿನ ತಿಂಗಳು ಅವಳೇ "ಹೋಗೋಣವಾ?" ಅಂತ ಕೇಳಿದಳು. "ಈಗ ಸರಿಯಾಗಿದ್ದೀವಲ್ಲ" ಅಂದೆ. ಸರಿಯಾಗಿಯೇ ಇದ್ದೆವು. ಆದರೆ ಎರಡನೇ ಸಲದ ಬ್ಯಾಗು ಯಾಕೆ ಬಿಚ್ಚಿದಳು? ಮನೆಯಲ್ಲಿ ಎಷ್ಟೋ ಸಲ ಕೇಳೋಣ ಅನ್ನಿಸಿತ್ತು, ಬಾಯಿ ಬರಲಿಲ್ಲ. 2019ರಲ್ಲಿ ಅವಳು ತೀರಿಕೊಂಡಳು.

ಎಲ್ಲಿಂದ ಎಲ್ಲಿಗೋ ಹೋದೆ. ನಿನ್ನ ಭಯದ ಮಾತಿಗೆ ಬರುತ್ತೇನೆ. ಅವನು ಅಂದರೂ ಅನ್ನಬಹುದು ವಿದ್ಯಾ. ಇಲ್ಲ ಅಂತ ಸುಳ್ಳು ಹೇಳಲಾರೆ. ಆದರೆ ಅಂದಮೇಲೆ "ಯಾಕೆ" ಅಂತ ಕೇಳಲು ಅಲ್ಲಿ ಒಬ್ಬರು ಇರುತ್ತಾರೆ. ನಿಮ್ಮ ಅಡುಗೆಮನೆಯಲ್ಲಿ ರಾತ್ರಿ ಹನ್ನೊಂದು ಗಂಟೆಗೆ ಅಂದರೆ ಯಾರಿರುತ್ತಾರೆ? ಮತ್ತೆ, ಬೇಡ ಅನ್ನುವವನು ತಾನಾಗಿ ಹೋಗೋಣ ಅನ್ನುತ್ತಾನಾ? ನನಗೆ ಗೊತ್ತಿಲ್ಲ. ನಾನು ಅಂದಿರಲಿಲ್ಲ, ನನ್ನನ್ನು ಕರೆಸಬೇಕಾಯಿತು.

ಬುದ್ಧಿವಾದ ಹೇಳುವ ಯೋಗ್ಯತೆ ನನಗಿಲ್ಲ. ಆದರೂ ಒಂದೆರಡು ಮಾತು. ಇಬ್ಬರನ್ನೂ ಕೂರಿಸಿದ ಮೇಲೆ ಒಬ್ಬೊಬ್ಬರನ್ನೇ ಕರೆಯುವುದೂ ಉಂಟು. ಒಬ್ಬಳೇ ಇದ್ದಾಗ ಹೇಳಿದ್ದು ಅವನ ಕಿವಿಗೆ ಹೋಗುತ್ತದಾ ಇಲ್ಲವಾ ಅಂತ ಮೊದಲೇ ಕೇಳಿಕೋ. ಜಾಸ್ತಿ ಖರ್ಚಾದರೆ ನಿಮ್ಹಾನ್ಸ್‌ನಲ್ಲೂ ವಿಚಾರಿಸು. ಅವರದ್ದೇ ಒಂದು ಸೆಂಟರ್ ಬಿಟಿಎಂ ಲೇಔಟ್‌ನಲ್ಲಿದೆ. ರಾತ್ರಿ ಮನಸ್ಸು ತೀರಾ ಕೆಟ್ಟರೆ 14416ಕ್ಕೆ ಫೋನ್ ಮಾಡು. ಟೆಲಿ ಮಾನಸ್ ಅಂತ, ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಅಮೆರಿಕದಲ್ಲಿ ಜಾನ್ ಗಾಟ್‌ಮನ್ ಅಂತ ಒಬ್ಬರು ಗಂಡ ಹೆಂಡಿರ ಎದುರಿಗೆ ಜಗಳದ ವಿಷಯವನ್ನೇ ಇಟ್ಟು, ಮಾತಾಡಲು ಬಿಟ್ಟು, ಎದೆಬಡಿತ ಅಳೆದರಂತೆ. ಬಡಿತ ಏರಿದ ಮೇಲೆ ಎದುರಿನವರು ಹೇಳಿದ್ದು ತಲೆಗೆ ಹೋಗಲ್ಲ, ಒಂದು 20 ನಿಮಿಷ ಬಿಟ್ಟು ಮತ್ತೆ ಕೂರಬೇಕು ಅನ್ನುತ್ತಾರೆ. ಎದ್ದು ತೋಟಕ್ಕೆ ಹೋಗುವುದು ನನಗೂ ಬರುತ್ತಿತ್ತು. ವಾಪಸ್ ಬಂದು ಕೂರುವುದು ಬರುತ್ತಿರಲಿಲ್ಲ.

ಇನ್ನೊಂದು. ಕೇಳುವುದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಅವನು ಯಾವತ್ತಾದರೂ ಕೈ ಎತ್ತಿದ್ದಾನಾ? ಹಾಗಿದ್ದರೆ ನಾನು ಬರೆದದ್ದೆಲ್ಲ ಬಿಟ್ಟುಬಿಡು. ಜೊತೆಯಲ್ಲಿ ಹೋಗಬೇಡ, ಅವನ ಎದುರಿಗೆ ಬಾಯಿಬಿಟ್ಟು ಹೇಳಿದ್ದೇ ಮನೆಗೆ ಬಂದಮೇಲೆ ನಿನಗೆ ಮುಳುವಾಗಬಹುದು. ಒಬ್ಬಳೇ ಹೋಗು, ಇಲ್ಲಾ ಹೆಂಗಸರ ಸಹಾಯವಾಣಿ 181ಕ್ಕೆ ಫೋನ್ ಮಾಡು. ನನಗೂ ಮಾಡು, ಎಷ್ಟು ಹೊತ್ತಾದರೂ ಸರಿ.

ಶನಿವಾರ ಅಂದಿದ್ದೀಯ, ಎಷ್ಟು ಗಂಟೆಗೆ ಅಂತ ಬರೆದಿಲ್ಲ. ಪುಟ್ಟಿಯನ್ನು ಪಕ್ಕದ ಮನೆಯಲ್ಲಿ ಬಿಡಬೇಡ. ಶುಕ್ರವಾರ ರಾತ್ರಿಯ ರೈಲಿಗೆ ಶಿವಮೊಗ್ಗದಲ್ಲಿ ಹತ್ತುತ್ತೇನೆ, ಬೆಳಿಗ್ಗೆ ನಿಮ್ಮ ಮನೆಯಲ್ಲಿರುತ್ತೇನೆ. ನೀವು ಬರುವುದು ತಡವಾದರೂ ಚಿಂತೆಯಿಲ್ಲ, ಅವಳಿಗೆ ಅನ್ನ ಸಾರು ಮಾಡಿ ಹಾಕುವಷ್ಟು ಕಲಿತಿದ್ದೇನೆ.

ನಿನ್ನ ಮಾವ