ಆಷಾಢದಲ್ಲಿ ಹೋದ ಅಪ್ಪನ ಜಾವಾ

ನಡೆಯೋಕೆ ಕಷ್ಟ ಇರುವ ಹನ್ನೊಂದು ಮಕ್ಕಳ ನೆರವಿಗೆ ಅಂತ ಕಳೆದ ಭಾನುವಾರ ಅಪ್ಪನ ಜಾವಾ ಬೈಕ್ ಹರಾಜು ಹಾಕಿದೆವು. ಪಕ್ಕಕ್ಕೆ ಜೋಡಿಸಿದ ಒಂಟಿ ಚಕ್ರದ ತೊಟ್ಟಿ, ಅಂದರೆ ಸೈಡ್‌ಕಾರ್ ಸಮೇತ 3,12,000 ರೂಪಾಯಿಗೆ ಹೋಯಿತು. ಜುಲೈ ಎರಡನೇ ಭಾನುವಾರ ಜಾವಾ ದಿನ, ಗಾಡಿ ಪ್ರೀತಿಸುವವರೆಲ್ಲ ಮೈಸೂರಲ್ಲಿ ಸೇರುತ್ತಾರೆ ಅಂತ ಅದೇ ದಿನ ಇಟ್ಟುಕೊಂಡೆವು. 'ಆಷಾಢದಲ್ಲಿ ಯಾರು ಗಾಡಿ ತಗೋತಾರೋ' ಅಂತ ಬೀದಿಯವರೆಲ್ಲ ಹೆದರಿಸಿದ್ದರು. ಒಂದೂವರೆ ಲಕ್ಷದಿಂದ ಶುರು, ಎರಡು ದಾಟಿದರೆ ಬೆಟ್ಟಕ್ಕೆ ಮೆಟ್ಟಿಲು ಹತ್ತಿ ಬರ್ತೀನಿ ಅಂತ ಚಾಮುಂಡಮ್ಮನಿಗೆ ಹರಕೆ ಹೊತ್ತಿದ್ದೆ. ಈಗ ಸಾವಿರ ಮೆಟ್ಟಿಲು ಬಾಕಿ ಇದೆ, ಜೊತೆಗೆ ಮಂಡಿ ನೋವೂ ಇದೆ.

ಒಬ್ಬೊಬ್ಬರ ಮನೆಗೂ ಹೋಗಿ ಕೈ ಮುಗಿಯೋಕೆ ಆಗಲಿಲ್ಲ. ಅದಕ್ಕೇ ಈ ಬರಹ.

ಹೊರಗಿನ ಊರಿನವರಿಗೆ ಸ್ವಲ್ಪ ಹಿನ್ನೆಲೆ ಹೇಳಬೇಕು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಗಾಡಿ ತಯಾರಾಗುತ್ತಿತ್ತು. ಜೆಕ್ ದೇಶದ ವಿನ್ಯಾಸ, ಮೈಸೂರಿನ ಕೈಗಳು. ಅಪ್ಪ ಅಲ್ಲಿ ಜೋಡಣೆ ವಿಭಾಗದಲ್ಲಿದ್ದರು. ನಮ್ಮದು 1969ರ ಗಾಡಿ. 250 ಸಿಸಿ, ಟೂ ಸ್ಟ್ರೋಕ್, ಒಂದು ಸಿಲಿಂಡರಿಗೆ ಎರಡು ಸೈಲೆನ್ಸರ್. ಗೇರ್ ಹಾಕುವ ಕಡ್ಡಿಯನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್ ಆಗುತ್ತದೆ. ಈಗಿನ ಹುಡುಗರಿಗೆ ತೋರಿಸಿದರೆ ಇಂದ್ರಜಾಲ ನೋಡಿದ ಹಾಗೆ ನೋಡುತ್ತಾರೆ.

ಸೈಡ್‌ಕಾರ್ ಬಂದಿದ್ದು ಅಕ್ಕನಿಗಾಗಿ. ಅವಳಿಗೆ ಎರಡು ವರ್ಷಕ್ಕೇ ಪೋಲಿಯೊ ಆಗಿತ್ತು. ಕ್ಯಾಲಿಪರ್, ಅಂದರೆ ಕಾಲಿಗೆ ಆಸರೆ ಕೊಡುವ ಪಟ್ಟಿ, ಹಾಕಿದ ಕಾಲು ಮಡಚೋಕೆ ಆಗದೆ ಹಿಂದಿನ ಸೀಟಿನಲ್ಲಿ ಕೂರುವುದು ಕಷ್ಟ. ಅಪ್ಪ ಮಂಡಿ ಮೊಹಲ್ಲಾದಲ್ಲಿ ತಗಡು ಬಗ್ಗಿಸಿ, ಕೊಳವೆ ಬೆಸುಗೆ ಹಾಕಿಸಿ, ಕಾಲು ನೀಟಾಗಿ ಚಾಚುವಷ್ಟು ಉದ್ದದ ತೊಟ್ಟಿ ಮಾಡಿಸಿದರು. ಹೈಸ್ಕೂಲು ಮುಗಿಯುವವರೆಗೆ ಅಕ್ಕ ಅದರಲ್ಲೇ ಹೋಗಿಬಂದಳು. ಅವಳನ್ನು ಇಳಿಸಿ ಖಾಲಿ ಬರುವಾಗ ಅಪ್ಪ ಆ ಜಾಗದಲ್ಲಿ ರಾಗಿ ಮೂಟೆ ಇಟ್ಟುಕೊಳ್ಳುತ್ತಿದ್ದರು. ಯಾಕೆ ಅಂತ ಆಗ ನನಗೆ ಗೊತ್ತಿರಲಿಲ್ಲ. ಹೋದ ವರ್ಷ ಗೊತ್ತಾಯಿತು, ಅದೂ ಕೆಆರ್‌ಎಸ್ ರಸ್ತೆಯಲ್ಲಿ.

ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಅಪ್ಪ ಹೋದ ಮೇಲೆ ಗಾಡಿ ಹಿತ್ತಲಿನ ಶೆಡ್ಡಿನಲ್ಲಿ ಟಾರ್ಪಲಿನ್ ಹೊದ್ದು ಮಲಗಿತು. ಸೈಡ್‌ಕಾರಿನಲ್ಲಿ ಕೋಳಿ ಮೊಟ್ಟೆ ಇಡುತ್ತಿತ್ತು. ಹರಾಜಿನ ಮಾತು ತೆಗೆದವಳು ಅಕ್ಕನೇ. 'ಇಟ್ಕೊಂಡು ಪೂಜೆ ಮಾಡ್ತೀಯೇನೋ? ರಿಪೇರಿ ಮಾಡ್ಸು, ಮಾರು, ಆ ಮಕ್ಕಳಿಗೆ ಕೊಡೋಣ' ಅಂದಳು.

ಮೊದಲ ನಮಸ್ಕಾರ ನಮ್ಮ ಮೆಕ್ಯಾನಿಕ್ ಭಾಯ್‌ಗೆ. ಹದಿನಾಲ್ಕು ತಿಂಗಳಲ್ಲಿ ಅವರು ತಗೊಂಡಿದ್ದು ಸಾಮಾನಿನ ದುಡ್ಡು, ಚಹಾದ ದುಡ್ಡು ಅಷ್ಟೇ. ಸೈಡ್‌ಕಾರ್ ಕೂರಿಸಿದ ದಿನ ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಎರಡು ಉದ್ದ ಮರದ ಪಟ್ಟಿ ತಂದರು. ಒಂದನ್ನು ಗಾಡಿಯ ಎರಡೂ ಚಕ್ರಕ್ಕೆ ಒರಗಿಸಿಟ್ಟರು, ಇನ್ನೊಂದನ್ನು ಸೈಡ್‌ಕಾರ್ ಚಕ್ರಕ್ಕೆ. ಮುಂದೆ ಅಳೆದರು, ಹಿಂದೆ ಅಳೆದರು. ಮುಂದಿನ ಅಂತರ ಅರ್ಧ ಇಂಚು ಕಡಿಮೆ ಬರುವವರೆಗೆ ಬೋಲ್ಟ್ ಸಡಿಲಿಸೋದು, ಬಿಗಿ ಮಾಡೋದು. ಆಮೇಲೆ ಗಾಡಿಯನ್ನು ಒಂಚೂರು ಬಲಕ್ಕೆ ವಾಲಿಸಿದರು. ಹೀಗೆ ಮಾಡದಿದ್ದರೆ ಗಾಡಿ ಸದಾ ಎಡಕ್ಕೆ ಎಳೆಯುತ್ತದಂತೆ. ಬೆಳಿಗ್ಗೆ ಹತ್ತಕ್ಕೆ ಕೂತವರು ಎದ್ದಿದ್ದು ಸಂಜೆ ನಮಾಜಿನ ಹೊತ್ತಿಗೆ.

ಅಷ್ಟೆಲ್ಲ ಮಾಡಿಕೊಟ್ಟರೂ ನಾನು ಕೆಡಿಸಿದೆ. ಖಾಲಿ ಸೈಡ್‌ಕಾರ್ ಇಟ್ಟುಕೊಂಡು ಕೆಆರ್‌ಎಸ್ ರಸ್ತೆಯಲ್ಲಿ ಜೋರಾಗಿ ಎಡಕ್ಕೆ ತಿರುಗಿಸಿದೆ. ಸೈಡ್‌ಕಾರ್ ಚಕ್ರ ನೆಲ ಬಿಟ್ಟು ಮೇಲೆದ್ದಿತು. ಗಾಬರಿಯಾಗಿ ಹ್ಯಾಂಡಲ್ ಬಲಕ್ಕೆ ಎಳೆದೆ. ಹೋಗಿ ನಿಂತಿದ್ದು ಎಳನೀರಿನ ರಾಶಿಯಲ್ಲಿ. ಅಪ್ಪನ ರಾಗಿ ಮೂಟೆ ನೆನಪಾಗಿದ್ದು ಆಗಲೇ. ಎಳನೀರಿನ ಅಣ್ಣ ಬೈಯಲಿಲ್ಲ, ದುಡ್ಡೂ ಮುಟ್ಟಲಿಲ್ಲ. ಒಂದು ಕೊಚ್ಚಿ ಕೈಗಿಟ್ಟು 'ಮೊದ್ಲು ಕುಡೀರಿ ಸಾರ್, ನಡುಗ್ತಾ ಇದೀರ' ಅಂದರು. ಅಣ್ಣಾ, ನಿಮಗೂ ನಮಸ್ಕಾರ.

ಸೈಲೆನ್ಸರಿನ ಕ್ರೋಮ್ ಕಥೆ ಬೇಡ. ಮೊದಲು ಮಾಡಿಸಿದ ಕಡೆ ಒಂದೇ ಮಳೆಗೆ ಈರುಳ್ಳಿ ಸಿಪ್ಪೆ ಥರ ಎದ್ದಿತು. ಅಪ್ಪನ ಜೊತೆ ಕೆಲಸ ಮಾಡಿದ ಹಿರಿಯರೊಬ್ಬರು ಹೆಬ್ಬಾಳದಲ್ಲಿ ತಮಗೆ ಗೊತ್ತಿರುವವರ ಹತ್ತಿರ ಮತ್ತೆ ಮಾಡಿಸಿಕೊಟ್ಟರು. ಮಡ್‌ಗಾರ್ಡಿನ ಚಿನ್ನದ ಗೆರೆಯನ್ನೂ ಅವರೇ ಎಳೆದರು. ಎಂಬತ್ತು ದಾಟಿದ ಕೈ, ನಡುಗುತ್ತದೆ. ಕುಂಚ ಮುಟ್ಟಿದರೆ ಮಾತ್ರ ನಡುಗಲ್ಲ.

ಇನ್ನು ಹರಾಜು. ಸಣ್ಣಗೆ ಜಿನುಗುತ್ತಿತ್ತು. ಜನ ಸುತ್ತ ನಿಂತಿದ್ದರು. ಅಕ್ಕ ಸೈಡ್‌ಕಾರಿನಲ್ಲಿ ಕೂತಿದ್ದಳು. ನಾನು ಕಿಕ್ ಹೊಡೆದೆ, ಹೊಡೆದೆ, ಹೊಡೆದೆ. ಏಳನೇ ಸಲಕ್ಕೆ ಅಕ್ಕ ಎಲ್ಲರಿಗೂ ಕೇಳುವ ಹಾಗೆ 'ಪೆಟ್ರೋಲ್ ಟ್ಯಾಪ್ ತೆಗ್ದಿದೀಯೇನೋ?' ಅಂದಳು. ತೆಗೆದಿರಲಿಲ್ಲ. ಆ ನಗುವಿನಲ್ಲೇ ಕೂಗು ಇಪ್ಪತ್ತು ಸಾವಿರ ಮೇಲೆ ಹೋಯಿತು ಅಂತ ನನ್ನ ನಂಬಿಕೆ.

2,20,000ಕ್ಕೆ ಉಳಿದವರು ಇಬ್ಬರೇ. ಬೆಂಗಳೂರಿನ ಹಿರಿಯರೊಬ್ಬರು, ಮಂಡ್ಯದ ಹುಡುಗನೊಬ್ಬ. ಹುಡುಗ ಪ್ರತಿ ಸಲ ಫೋನಿನಲ್ಲಿ ಏನೋ ಲೆಕ್ಕ ಹಾಕುವುದು, ಗೆಳೆಯನ ಕಿವಿಯಲ್ಲಿ ಏನೋ ಹೇಳುವುದು, ಮತ್ತೆ ಕೈ ಎತ್ತುವುದು. 3,10,000ರವರೆಗೆ ಬಂದ. ಹಿರಿಯರು ಮೇಲೆ ಎರಡು ಸಾವಿರ ಸೇರಿಸಿದರು. ಅವನು ತಲೆ ಅಲ್ಲಾಡಿಸಿ 'ಇಲ್ಲಣ್ಣ, ಇನ್ ಆಗಲ್ಲ' ಅಂದ.

ಗಾಡಿ ತಗೊಂಡವರಿಗೆ ಧನ್ಯವಾದ ಖಂಡಿತ ಇದೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ. ಆದರೆ ನಿಜ ಹೇಳಲಾ? ನನಗೆ ಜಾಸ್ತಿ ಋಣ ಇರುವುದು ಆ ಹುಡುಗನದ್ದು. ಅವನಿಲ್ಲದಿದ್ದರೆ ಗಾಡಿ 2,22,000ಕ್ಕೆ ಮುಗಿದುಹೋಗುತ್ತಿತ್ತು. ಮಿಕ್ಕ ತೊಂಬತ್ತು ಸಾವಿರ ಅವನು ಕೊಡಿಸಿದ್ದು, ತಾನು ಬರಿಗೈಲಿ ಹೋಗಿ. ಸಾಲದು ಅಂತ ಹುಂಡಿಗೆ ಎರಡು ಸಾವಿರ ಹಾಕಿದ. ಕೇಳಿಕೊಂಡಿದ್ದು ಒಂದೇ, 'ಒಂದ್ಸಲ ಕಿಕ್ ಹೊಡೀಲಾ ಅಣ್ಣ?' ಮೊದಲ ಏಟಿಗೇ ಸ್ಟಾರ್ಟ್ ಆಯಿತು. ನನಗೆ ಸ್ವಲ್ಪ ಹೊಟ್ಟೆ ಉರಿಯಿತು.

ದುಡ್ಡಿನ ಲೆಕ್ಕ ಇದು. ರಿಪೇರಿ ಖರ್ಚು ನಾವೇ ಹಾಕಿಕೊಂಡಿದ್ದೇವೆ, ಒಂದು ರೂಪಾಯಿಯೂ ಮುರಿದುಕೊಂಡಿಲ್ಲ. ಪೂರ್ತಿ ಹಣ ಹುಣಸೂರು, ಎಚ್.ಡಿ. ಕೋಟೆ, ಪಾಂಡವಪುರ ಕಡೆಯ ಹನ್ನೊಂದು ಮಕ್ಕಳ ಕ್ಯಾಲಿಪರ್, ವ್ಹೀಲ್‌ಚೇರ್ ಮತ್ತು ವ್ಯಾಯಾಮಕ್ಕೆ ಬಂದುಹೋಗುವ ಆಟೋ ಚಾರ್ಜಿಗೆ. 2014ರಲ್ಲೇ ಭಾರತ ಪೋಲಿಯೊ ಮುಕ್ತ ಅಂತ ಘೋಷಣೆಯಾಗಿದೆ. ಈ ಮಕ್ಕಳದು ಬೇರೆ ಬೇರೆ ತೊಂದರೆ, ಕೆಲವರಿಗೆ ಸೆರೆಬ್ರಲ್ ಪಾಲ್ಸಿ, ಕೆಲವರಿಗೆ ಹುಟ್ಟಿನಿಂದ ಬೆನ್ನುಹುರಿಯ ಸಮಸ್ಯೆ. ಕ್ಯಾಲಿಪರ್ ಒಮ್ಮೆ ಮಾಡಿಸಿದರೆ ಆಗಲ್ಲ. ಮಗು ಬೆಳೆದ ಹಾಗೆ ಅಳತೆ ತಪ್ಪುತ್ತದೆ, ಮತ್ತೆ ಮಾಡಿಸಬೇಕು. ಅಕ್ಕನಿಗೆ ಎಸ್‌ಎಸ್‌ಎಲ್‌ಸಿ ಮುಗಿಯುವಷ್ಟರಲ್ಲಿ ಏಳು ಆಗಿದ್ದವು. ಅದಕ್ಕೇ ಹಣ ಒಂದೇ ಸಲ ಖರ್ಚು ಮಾಡುವುದು ಬೇಡ, ಮೂರು ವರ್ಷಕ್ಕೆ ಹಂಚೋಣ ಅಂತ ಅವಳೇ ಹೇಳಿದ್ದಾಳೆ. ರಸೀದಿಗಳು ಮನೆಯಲ್ಲಿವೆ, ಯಾರು ಬೇಕಾದರೂ ಬಂದು ನೋಡಬಹುದು. ಕಾಫಿಯೂ ಸಿಗುತ್ತದೆ.

ಗಾಡಿಯನ್ನು ಹೊಸ ಮಾಲೀಕರ ಹೆಸರಿಗೆ ಮಾಡಿಸುವ 29, 30ನೇ ನಮೂನೆಗಳಿಗೆ ಸಹಿ ಹಾಕಿಕೊಟ್ಟಾಯಿತು. ಟೆಂಪೊಗೆ ಗಾಡಿ ಹತ್ತಿಸುವಾಗ ಅಕ್ಕ ಹಿರಿಯರಿಗೆ ಹೇಳಿದಳು, 'ಒಬ್ರೇ ಓಡಿಸುವಾಗ ಪಕ್ಕದಲ್ಲಿ ಭಾರ ಇರಲಿ, ಇಲ್ದಿದ್ರೆ ಎಡಕ್ಕೆ ತಿರುಗಿಸುವಾಗ ಏಳುತ್ತೆ.' 'ಎಷ್ಟು ಭಾರ ಇರಬೇಕಮ್ಮ?' ಅಂತ ಅವರು ಕೇಳಿದರು. 'ಹೈಸ್ಕೂಲು ಹುಡುಗಿಯಷ್ಟು' ಅಂದಳು. ಮನೆಯಲ್ಲಿದ್ದ ಅರ್ಧ ಮೂಟೆ ರಾಗಿಯನ್ನು ಸೈಡ್‌ಕಾರಿನಲ್ಲಿಟ್ಟು ಕಳಿಸಿದೆವು.

ನಿನ್ನೆ ಅವರ ಫೋನ್ ಬಂದಿತ್ತು. ಗಾಡಿ ಚೆನ್ನಾಗಿದೆಯಂತೆ. ರಾಗಿಯನ್ನು ಮನೆಯವರು ಮಿಲ್ಲಿಗೆ ಕೊಟ್ಟು ಮುದ್ದೆ ಮಾಡಿಬಿಟ್ಟರಂತೆ. ಈಗ ಮರಳು ಮೂಟೆ ಇಟ್ಟಿದ್ದಾರೆ.